ಹೇರೆತ್ತಿನ ಹಾದಿ: ಬಾದಶಾಹಿ ಆಳಿಕೆಯಲ್ಲಿ ಲಮಾಣಿ ಜನಾಂಗ

ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ನಡುವಣ ಈ ಸೀಮೆಯ ಇತಿಹಾಸವು ಬಹುಮಟ್ಟಿಗೆ ಕಲ್ಲಿನಲ್ಲಿ ಬರೆದ ಇತಿಹಾಸವಾಗಿದೆ. ಬಾದಾಮಿಯ ಗುಹಾಲಯಗಳು, ಐಹೊಳೆ ಪಟ್ಟದಕಲ್ಲುಗಳ ಗುಡಿಗಳು, ವಿಜಾಪುರದ ಗೋಲಗುಮ್ಮಟ ಇವೆಲ್ಲ ಕಟ್ಟಿಸಿದ ಅರಸರ ಹೆಸರನ್ನು ಇಂದಿಗೂ ಸಾರುತ್ತಲಿವೆ. 1565ರ ಜನವರಿಯಲ್ಲಿ ವಿಜಯನಗರದ ಭಾಗ್ಯವನ್ನು ತಿರುಗಿಸಿದ ರಕ್ಕಸತಂಗಡಗಿ ಕಾಳಗದ ಸಂಗತಿಯನ್ನು ಈ ಭಾಗದ ಶಾಲಾಬಾಲಕರೂ ಬಲ್ಲರು. ಆದರೆ ಸಾವಿರಾರು ಕುದುರೆ, ಆನೆ, ಕಾಲಾಳುಗಳ ದಂಡು ಒಂದು ಬಯಲಿನಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟರೆ ಅದರ ಹೊಟ್ಟೆಗೆ ಹಿಟ್ಟು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಯನ್ನು ಪಠ್ಯಪುಸ್ತಕಗಳು ಅಪರೂಪಕ್ಕೆ ಕೇಳುತ್ತವೆ. ಆ ಪ್ರಶ್ನೆಯ ಉತ್ತರವು ಕಲ್ಲಿನಲ್ಲಿ ಕೊರೆದಿಲ್ಲ. ಅದು ಊರಾಚೆಯ ತಾಂಡೆಗಳಲ್ಲಿ, ಲಮಾಣಿಗರ ನೆನಪಿನಲ್ಲಿ ಮತ್ತು ಅವರ ಹೆಸರಿನಲ್ಲಿಯೇ ಅಡಗಿದೆ.

ಹೆಸರಿನ ವಿಚಾರ

ಒಂದೇ ಜನವನ್ನು ಲಮಾಣಿ, ಲಂಬಾಣಿ, ಲಂಬಾಡಿ, ಸುಗಾಲಿ, ಬಂಜಾರ ಎಂದು ಬೇರೆ ಬೇರೆ ಪ್ರಾಂತಗಳಲ್ಲಿ ಕರೆಯುತ್ತಾರೆ. ಅವರು ತಮ್ಮನ್ನು 'ಗೋರ್' ಎಂದು ಕರೆದುಕೊಳ್ಳುತ್ತಾರೆ. ಲಮಾಣಿ ಎಂಬ ಮಾತಿಗೆ ಸಂಸ್ಕೃತದ 'ಲವಣ' ಶಬ್ದವೇ ಮೂಲವೆಂದೂ, ಉಪ್ಪನ್ನು ಹೇರಿಕೊಂಡು ತಿರುಗಿದವರಾದ್ದರಿಂದ ಈ ಹೆಸರು ಬಂದಿತೆಂದೂ ಅನೇಕ ವಿದ್ವಾಂಸರ ಅಭಿಪ್ರಾಯ. ಬಂಜಾರ ಶಬ್ದವನ್ನು ಕೆಲವರು 'ವಾಣಿಜ್ಯ'ದಿಂದ, ಕೆಲವರು 'ವನಚರ'ದಿಂದ ಸಾಧಿಸುತ್ತಾರೆ. ಮೊದಲನೆಯ ವ್ಯುತ್ಪತ್ತಿಯು ಅವರ ಉದ್ಯೋಗವನ್ನು ಹೇಳಿದರೆ, ಎರಡನೆಯದು ಅವರ ಅಲೆದಾಟವನ್ನು ಹೇಳುತ್ತದೆ. ಒಂದು ಜನಾಂಗವನ್ನು ನೋಡುವ ಎರಡು ದೃಷ್ಟಿಗಳು ಈ ಎರಡು ವ್ಯುತ್ಪತ್ತಿಗಳಲ್ಲಿಯೇ ಮೈದೋರಿವೆ. ಇವರ ಚರಿತ್ರೆಯೆಂದರೆ ಒಂದು ದೃಷ್ಟಿಯು ಹಿಂದೆ ಸರಿದು ಇನ್ನೊಂದು ಮುಂದೆ ಬಂದ ಕಥೆಯೇ ಆಗಿದೆ.

ಲಮಾಣಿಗರ ನುಡಿಯು ಕನ್ನಡದಂತೆ ದ್ರಾವಿಡ ವರ್ಗದ್ದಲ್ಲ. ಅದು ರಾಜಸ್ಥಾನದ ಭಾಷೆಗಳಿಗೆ ಸಮೀಪವಾದ ಆರ್ಯಭಾಷೆ. ರಾಠೋಡ, ಪವಾರ, ಚವ್ಹಾಣ ಎಂಬ ಕುಲನಾಮಗಳೂ ಆ ದಿಕ್ಕನ್ನೇ ತೋರಿಸುತ್ತವೆ. ಹೀಗಿರಲು, ವಾಯವ್ಯ ದೇಶದ ಈ ಜನ ಕೃಷ್ಣಾತೀರದ ಕರಿಮಣ್ಣಿಗೆ ಬಂದುದು ಹೇಗೆ?

ದಿಲ್ಲಿಯಿಂದ ದಕ್ಷಿಣಕ್ಕೆ

ದಿಲ್ಲಿಯ ಸುಲ್ತಾನ ಅಲ್ಲಾವುದ್ದೀನ ಖಿಲ್ಜಿಯ ಕಾಲದಲ್ಲಿ (1296-1316) ಧಾನ್ಯ ಸಾಗಿಸುವ 'ಕಾರವಾನಿ'ಗಳೆಂಬ ವರ್ತಕರಿದ್ದರೆಂದು ಇತಿಹಾಸಕಾರ ಬರನಿಯು ಬರೆದಿದ್ದಾನೆ. ಬಂಜಾರರ ಪೂರ್ವಿಕರು ಇವರೇ ಎಂದು ಇತಿಹಾಸಜ್ಞರು ಗುರುತಿಸುತ್ತಾರೆ. ಸುಲ್ತಾನನು ಧಾನ್ಯದ ಬೆಲೆಯನ್ನು ಕಟ್ಟುಮಾಡಿದಾಗ ಈ ವರ್ತಕರ ಮುಖಂಡರನ್ನು ಹಿಡಿದು ತರಿಸಿ, ಒಬ್ಬರಿಗೊಬ್ಬರು ಜಾಮೀನು ನಿಲ್ಲುವಂತೆ ಮಾಡಿ, ಹೆಂಡಿರು ಮಕ್ಕಳು ದನಕರುಗಳೊಡನೆ ಯಮುನೆಯ ದಂಡೆಯ ಹಳ್ಳಿಗಳಲ್ಲಿ ನೆಲೆಸಬೇಕೆಂದು ಕಡ್ಡಾಯಗೊಳಿಸಿದನು. ದಿಲ್ಲಿಯ ಪೇಟೆಯಲ್ಲಿ ಧಾನ್ಯ ಅಗ್ಗವಾಯಿತು. ಅದನ್ನು ತಂದವರ ಸಂಸಾರಗಳು ಮಾತ್ರ ಒತ್ತೆಯಾದವು. ಅಲೆಯುವ ಜನರೊಡನೆ ಪ್ರಬಲ ಪ್ರಭುತ್ವವು ನಡೆದುಕೊಳ್ಳುವ ರೀತಿಗೆ ಇದೊಂದು ಹಳೆಯ ನಿದರ್ಶನ. ಅವರ ದುಡಿಮೆಯು ಬೇಕು, ಅವರ ಸ್ವಾತಂತ್ರ್ಯವು ಬೇಡ.

ಮೊಗಲರ ಕಾಲಕ್ಕೆ ಬಂಜಾರರ ಹೆಸರು ಸ್ಪಷ್ಟವಾಗಿ ಕೇಳಬರುತ್ತದೆ. ಸಾವಿರಾರು ಎತ್ತುಗಳನ್ನು ಸಾಕಿಕೊಂಡು ಹಳ್ಳಿಗಳಿಂದ ಪಟ್ಟಣಗಳಿಗೆ ಧಾನ್ಯ ತರುವವರು, ದಂಡಿನ ಸಂಗಡ ಹೋಗುವವರು ಎಂದು ಜಹಾಂಗೀರ ಬಾದಶಹನು ತನ್ನ ಆತ್ಮಚರಿತ್ರೆಯಲ್ಲಿ ಇವರನ್ನು ವರ್ಣಿಸಿದ್ದಾನೆ. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿಯು ಉತ್ತರ ಹಿಂದುಸ್ಥಾನದ ದಾರಿಯಲ್ಲಿ 14,000 ಎತ್ತುಗಳ ಒಂದು ತಾಂಡೆಯನ್ನು ಕಂಡನು. ಒಂದೊಂದು ಎತ್ತಿಗೆ ಒಂದೇ ಕ್ವಿಂಟಲ್ ಹೇರೆಂದು ಹಿಡಿದರೂ ಅದು 1,400 ಟನ್ ಧಾನ್ಯವಾಯಿತು. ಇಂದಿನ ಲೆಕ್ಕದಲ್ಲಿ ಹತ್ತು ಟನ್ ಹೊರುವ 140 ಲಾರಿಗಳು ಸಾಲುಗಟ್ಟಿ ನಿಂತಂತೆ! ಫ್ರೆಂಚ್ ರತ್ನವರ್ತಕ ತಾವೆರ್ನಿಯೆ ಎಂಬವನು ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲುಗಳು ಎದುರಾದಾಗ, ಅವು ದಾಟಿಹೋಗುವ ತನಕ ಪ್ರಯಾಣಿಕರು ಎರಡು ಮೂರು ದಿನ ಕಾಯಬೇಕಾಗುತ್ತಿತ್ತೆಂದು ಬರೆದಿದ್ದಾನೆ. ಜೋಳ ಗೋದಿಗಳಂಥ ಕಾಳು, ಅಕ್ಕಿ, ಬೇಳೆ, ಉಪ್ಪು ಹೀಗೆ ಒಂದೊಂದು ಪಂಗಡವು ಒಂದೊಂದೇ ಪದಾರ್ಥವನ್ನು ಹೊರುತ್ತಿತ್ತೆಂಬುದು ಅವನ ಹೇಳಿಕೆ.

ಈ ಸಾಗಾಟದ ಗುಟ್ಟು ಅದರ ಅಗ್ಗತನದಲ್ಲಿತ್ತು. ಹೇರೆತ್ತಿನ ತಾಂಡೆಯು ದಿನಕ್ಕೆ ಆರೇಳು ಮೈಲುಗಳಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ. ಎತ್ತುಗಳು ದಾರಿಯುದ್ದಕ್ಕೂ ಗಾಂವಠಾಣ, ಗೋಮಾಳ, ಅಡವಿಗಳಲ್ಲಿ ಮೇಯುತ್ತ ಸಾಗುತ್ತಿದ್ದವು. ಮೇವಿಗೆ ಖರ್ಚಿಲ್ಲ, ರಸ್ತೆಯ ಹಂಗಿಲ್ಲ, ಚಕ್ರ ಮುರಿಯುವ ಭಯವಿಲ್ಲ. ಗಂಡಸರೊಡನೆ ಹೆಂಗಸರೂ ಮಕ್ಕಳೂ ಎತ್ತು ಹೊಡೆಯುವ, ಹೇರು ಇಳಿಸುವ, ಕಾವಲು ಕಾಯುವ ಕೆಲಸ ಮಾಡುತ್ತಿದ್ದುದರಿಂದ ಕೂಲಿಯ ಖರ್ಚೂ ಇರಲಿಲ್ಲ. ಬಂಡಿಯು ಹೋಗಲಾರದ ಘಟ್ಟಗಳನ್ನೂ ಎರೆಮಣ್ಣಿನ ಬಯಲುಗಳನ್ನೂ ಹೇರೆತ್ತು ದಾಟಬಲ್ಲದಾಗಿತ್ತು. ಬೆಲೆಬಾಳುವ ರೇಷ್ಮೆ, ರತ್ನಗಳನ್ನು ಯಾರಾದರೂ ಸಾಗಿಸಬಹುದು. ಬಡವನ ಉಪ್ಪನ್ನೂ ಜೋಳವನ್ನೂ ನೂರಾರು ಮೈಲು ಹೊತ್ತು ತಂದು, ಆತನ ಕೈಗೆಟಕುವ ಬೆಲೆಗೆ ಮಾರುವುದು ಈ ಜನರಿಗೆ ಮಾತ್ರ ಸಾಧ್ಯವಾಗಿತ್ತು.

ವಿಜಾಪುರದ ಮುತ್ತಿಗೆ ಮತ್ತು ತಾಮ್ರಪಟದ ಕಥೆ

ದಕ್ಷಿಣಕ್ಕೆ ಇವರು ಬಹುಸಂಖ್ಯೆಯಲ್ಲಿ ಬಂದುದು 17ನೆಯ ಶತಮಾನದ ಮೊಗಲ ದಂಡಯಾತ್ರೆಗಳ ಜೊತೆಗೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮತ. ಬಂಜಾರರಲ್ಲಿ ಪರಂಪರೆಯಾಗಿ ಬಂದ ಒಂದು ವೃತ್ತಾಂತವಿದೆ. ಶಾಹಜಹಾನನ ವಜೀರ ಆಸಫಖಾನನು 1630ರ ಸುಮಾರಿಗೆ ದಖ್ಖಣಕ್ಕೆ ದಂಡೆತ್ತಿ ಬಂದಾಗ ಭಂಗಿ, ಜಂಗಿ ಎಂಬ ನಾಯಕರು 1,80,000 ಎತ್ತುಗಳೊಡನೆಯೂ, ಭಗವಾನದಾಸನೆಂಬ ನಾಯಕನು 52,000 ಎತ್ತುಗಳೊಡನೆಯೂ ಅವನ ಸೈನ್ಯಕ್ಕೆ ಧಾನ್ಯ ಒದಗಿಸಿದರಂತೆ. ಎತ್ತುಗಳನ್ನು ಸೈನ್ಯದ ಹತ್ತಿರವೇ ಇರಿಸಿಕೊಳ್ಳುವ ಅಗತ್ಯಕ್ಕಾಗಿ, ನೀರು, ಹುಲ್ಲುಗಳ ಮೇಲಿನ ಹಕ್ಕು ಮೊದಲಾದ ವಿಶೇಷ ಸವಲತ್ತುಗಳನ್ನು ಬಂಗಾರದ ಅಕ್ಷರಗಳಲ್ಲಿ ಬರೆಯಿಸಿದ ತಾಮ್ರಪಟವೊಂದನ್ನು ಆಸಫಖಾನನು ಅವರಿಗೆ ಕೊಟ್ಟನೆಂದು ಆ ವೃತ್ತಾಂತವು ಹೇಳುತ್ತದೆ.

ಈ ಸಂಖ್ಯೆಗಳು ಜನಪದದ ಬಾಯಲ್ಲಿ ಬೆಳೆದಿರಬಹುದು. ಆದರೆ ಇತಿಹಾಸದ ಒಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದೇ ಆಸಫಖಾನನು 1631ರಲ್ಲಿ ವಿಜಾಪುರವನ್ನು ಮುತ್ತಿದಾಗ ಅವನ ಪಾಳೆಯದಲ್ಲಿ ಕಾಳು, ಮೇವು ತೀರಿಹೋದವು. ದಖ್ಖಣವನ್ನು ಘೋರ ಕ್ಷಾಮವು ಸುಟ್ಟ ದಿನಗಳವು. ಬಾದಶಹನ ವಜೀರನು ಕೋಟೆಯ ಗೋಡೆಗೆ ಸೋಲಲಿಲ್ಲ, ಹಸಿವೆಗೆ ಸೋತು ಹಿಂತಿರುಗಿದನು. 1685ರಲ್ಲಿ ಔರಂಗಜೇಬನ ಮಗ ಆಜಮನು ಅದೇ ಕೋಟೆಯನ್ನು ಮುತ್ತಿದಾಗಲೂ ಪಾಳೆಯವು ಉಪವಾಸ ಬಿದ್ದಿತು. ಫಿರೋಜಜಂಗನು ಧಾನ್ಯದ ಹೇರುಗಳೊಂದಿಗೆ ಬಂದು ಕೂಡಿಕೊಂಡ ಮೇಲೆಯೇ ಮುತ್ತಿಗೆಯು ನಿಂತಿತು. 1686ರ ಸೆಪ್ಟೆಂಬರದಲ್ಲಿ ಆದಿಲಶಾಹಿ ಅಂತ್ಯಗೊಂಡಿತು. ಕೋಟೆಗಳ ಅಳಿವು ಉಳಿವುಗಳನ್ನು ತೋಪುಗಳಷ್ಟೇ ಅಲ್ಲ, ಹೇರೆತ್ತುಗಳೂ ನಿರ್ಣಯಿಸುತ್ತಿದ್ದವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಾಂಡೆಯು ಯಾವ ಪಕ್ಷಕ್ಕೂ ಸೇರಿದ್ದಲ್ಲ. ಧಾನ್ಯಕ್ಕೆ ಹಣ ಕೊಡುವ ದಂಡು ಯಾರದಾದರೂ ಅದರೊಡನೆ ವ್ಯವಹರಿಸುತ್ತಿತ್ತು. ಇಂದು ಕೊಳ್ಳೆಹೊಡೆದರೆ ನಾಳೆ ಧಾನ್ಯ ತರುವವರಾರು ಎಂಬ ವಿವೇಕದಿಂದ ಇಕ್ಕಡೆಯ ಸೇನಾಪತಿಗಳೂ ಅದನ್ನು ಸಾಮಾನ್ಯವಾಗಿ ತಡೆಯದೆ ಬಿಡುತ್ತಿದ್ದರು. ಒಳಗಿನ ಆಡಳಿತವೂ ತಾಂಡೆಯದೇ. ನಾಯಕನ ಮಾತು, ಕಾರಭಾರಿಯ ಸಲಹೆ, ಪಂಚರ ತೀರ್ಪು ಇಷ್ಟರಲ್ಲಿ ಅವರ ನ್ಯಾಯ ಮುಗಿಯುತ್ತಿತ್ತು. ಮುಸಲ್ಮಾನ ಅರಸರ ಆಳಿಕೆಯಲ್ಲಿ ಶತಮಾನಗಳ ಕಾಲ ಬಾಳಿದರೂ ಈ ಸೀಮೆಯ ತಾಂಡೆಗಳು ತಮ್ಮ ದೈವ, ನುಡಿ, ಉಡಿಗೆಗಳನ್ನು ಬಿಟ್ಟುಕೊಡಲಿಲ್ಲ. ಪ್ರಭುತ್ವವೂ ಅದನ್ನು ಕೇಳಲಿಲ್ಲ. 18ನೆಯ ಶತಮಾನದಲ್ಲಿ ಅವರ ನಡುವೆ ಸಂತ ಸೇವಾಲಾಲರು ತಲೆದೋರಿದರು. ಸಂಪ್ರದಾಯದಂತೆ ಅವರ ಜನನವು 1739ರಲ್ಲಿ. ಇಂದಿನ ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪವು ಅವರ ಜನ್ಮಸ್ಥಳವೆಂದು ಪೂಜ್ಯವಾಗಿದೆ. ಎತ್ತು ಕಾಯುವ ಮನೆಯಲ್ಲಿ ಹುಟ್ಟಿದವರು ಒಂದು ಜನಾಂಗಕ್ಕೇ ಗುರುವಾದುದು, ತುರುಗಾಹಿ ರಾಮಣ್ಣನಂಥ ಶರಣರ ನಾಡಿನಲ್ಲಿ ಆಶ್ಚರ್ಯದ ಮಾತಲ್ಲ.

ತುರ್ಕರ ಸಾಮ್ರಾಜ್ಯದ ರೋಮಾ ಜನ

ಇದಕ್ಕೆ ಹೋಲಿಕೆಯಾದ ಇನ್ನೊಂದು ಇತಿಹಾಸವು ಭರತಖಂಡದ ಹೊರಗೆ ನಡೆದಿದೆ. ಯುರೋಪಿನಲ್ಲಿ 'ಜಿಪ್ಸಿ'ಗಳೆಂದು ಕರೆಯಿಸಿಕೊಂಡ ರೋಮಾ ಜನರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತವನ್ನು ಬಿಟ್ಟುಹೋದವರು. 18ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ರ‍್ಯೂದಿಗರ್, ಗ್ರೆಲ್‌ಮನ್ ಮೊದಲಾದ ವಿದ್ವಾಂಸರು ಅವರ ನುಡಿಯನ್ನು ಪರೀಕ್ಷಿಸಿ ಈ ಸಂಗತಿಯನ್ನು ತೋರಿಸಿಕೊಟ್ಟರು. ನೀರಿಗೆ 'ಪಾನಿ', ಮೂಗಿಗೆ 'ನಾಖ್', ಕಿವಿಗೆ 'ಕಾನ್' ಎನ್ನುವ ಮಾತುಗಳು ಡಾನ್ಯೂಬ್ ನದಿಯ ತೀರದಲ್ಲಿಯೂ ಕೇಳಬರುತ್ತವೆ. ತಾಂಡೆಯ ಮಗುವಿಗೆ ಅವುಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಎರಡೂ ಒಂದೇ ಜನಾಂಗವೆಂದು ಇಷ್ಟರಿಂದಲೇ ಸಾಧಿಸುವುದು ಸರಿಯಲ್ಲ. ಎರಡು ನುಡಿಗಳೂ ಆರ್ಯಭಾಷಾ ಕುಟುಂಬದವಾದರೂ ಅವುಗಳ ಕವಲುಗಳು ಬೇರೆ. ಅವರನ್ನು ಒಟ್ಟಿಗೆ ಚಿಂತಿಸುವುದಕ್ಕೆ ಕಾರಣವು ರಕ್ತಸಂಬಂಧಕ್ಕಿಂತ ಹೆಚ್ಚಾಗಿ ಸಮಾನವಾದ ಪಾಡು.

ಆಟೋಮನ್ ತುರ್ಕರು ಬಾಲ್ಕನ್ ದೇಶಗಳನ್ನು ಗೆದ್ದಾಗ ರೋಮಾ ಜನ ಅವರ ಪ್ರಜೆಗಳಾದರು. ಕಮ್ಮಾರಿಕೆ, ಕಲಾಯಿ, ವಾದ್ಯಗಾರಿಕೆ ಅವರ ಮುಖ್ಯ ಕಸಬುಗಳು. ಸುಲ್ತಾನ ಸುಲೇಮಾನನು 1530ರಲ್ಲಿ ರುಮೇಲಿಯ ರೋಮಾ ಜನರಿಗಾಗಿಯೇ ಒಂದು ಕಾನೂನು ಮಾಡಿದನು. ಅದರ ಪ್ರಕಾರ ಅವರಲ್ಲಿ ಮುಸಲ್ಮಾನರಾದವರು 22 ಅಕ್ಚೆ, ಕ್ರೈಸ್ತರಾದವರು 25 ಅಕ್ಚೆ ಎಂಬ ಬೆಳ್ಳಿನಾಣ್ಯಗಳನ್ನು ತೆರಿಗೆಯಾಗಿ ಕೊಡಬೇಕು. ಸ್ವಧರ್ಮದ ಪ್ರಭುತ್ವದಲ್ಲಿದ್ದರೂ ಮುಸಲ್ಮಾನ ರೋಮಾಗಳಿಗೆ ಇತರ ಮುಸಲ್ಮಾನರ ಸಮಾನಸ್ಥಾನ ದೊರೆಯಲಿಲ್ಲ. ಧರ್ಮ ಬದಲಾದರೂ ಕುಲದ ಅಂಕಿತ ಅಳಿಯಲಿಲ್ಲ. ಹಾಗಿದ್ದೂ ಅವರಿಗೆ ಬದುಕಲು ಅವಕಾಶವಿತ್ತು, ಅಲೆಯಲು ದಾರಿಯಿತ್ತು. ಎವ್ಲಿಯಾ ಚೆಲೆಬಿ ಎಂಬ ತುರ್ಕ ಪ್ರವಾಸಿಯು 17ನೆಯ ಶತಮಾನದಲ್ಲಿ ಅವರ ನುಡಿಯ ಮಾತುಗಳನ್ನು ಕೇಳಿ ಬರೆದಿಟ್ಟುಕೊಂಡಿದ್ದಾನೆ.

ಇದಕ್ಕಿಂತ ಕಠೋರವಾದ ಅವಸ್ಥೆಯು ಅದೇ ಸುಲ್ತಾನರಿಗೆ ಕಪ್ಪ ಕೊಡುತ್ತಿದ್ದ ವಲಾಕಿಯಾ, ಮೊಲ್ದಾವಿಯಾ ಎಂಬ ಕ್ರೈಸ್ತ ಸಂಸ್ಥಾನಗಳಲ್ಲಿತ್ತು. ಅಲ್ಲಿ ರೋಮಾ ಜನ ಗುಲಾಮರಾಗಿದ್ದರು. ಅರಸರಿಗೆ, ಶ್ರೀಮಂತರಿಗೆ ಇದ್ದಂತೆ ಕ್ರೈಸ್ತ ಮಠಗಳಿಗೂ ಈ ಗುಲಾಮರಿದ್ದರು. 1385ರಷ್ಟು ಹಿಂದಿನ ದಾನಪತ್ರದಲ್ಲಿಯೇ ತಿಸ್ಮಾನಾ ಎಂಬ ಮಠಕ್ಕೆ ರೋಮಾ ಕುಟುಂಬಗಳು ಸೇರಿದ ಉಲ್ಲೇಖವಿದೆ. ಐದು ಶತಮಾನಗಳಿಗೆ ಸಮೀಪವಾಗಿ ನಡೆದ ಈ ಗುಲಾಮಗಿರಿಯು 1855-56ರಲ್ಲಿ ಪೂರ್ತಿಯಾಗಿ ರದ್ದಾಯಿತು. ಭೂಮಿ, ದನಗಳನ್ನು ಎಣಿಸಿದ ಪಟ್ಟಿಯಲ್ಲಿಯೇ ಮನುಷ್ಯರನ್ನೂ ಎಣಿಸಿ ಧರ್ಮಪೀಠಗಳಿಗೆ ಒಪ್ಪಿಸಿದ ಈ ಸಂಗತಿಯು ಯಾವ ಧರ್ಮದ ಮಠಕ್ಕಾದರೂ ಚಿಂತನಾರ್ಹವಾದುದು. ದಾನವು ಯಾರನ್ನು ಉದ್ಧರಿಸಬೇಕೋ ಅವರನ್ನೇ ದಾನದ ವಸ್ತುವಾಗಿಸಿದರೆ ಅದು ದಾನವಲ್ಲ.

ಹೇರಿಳಿದ ಮೇಲೆ

ಇತ್ತ ದಖ್ಖಣದಲ್ಲಿ ಬಾದಶಾಹಿಗಳು ಅಳಿದವು, ತಾಂಡೆಗಳು ಉಳಿದವು. 1791ರಲ್ಲಿ ಶ್ರೀರಂಗಪಟ್ಟಣದವರೆಗೆ ಹೋದ ಕಾರ್ನ್‌ವಾಲಿಸನು ಧಾನ್ಯವಿಲ್ಲದೆ ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಮ್ಮೆಟ್ಟಬೇಕಾಯಿತು. ಬಂಜಾರರ ಸರಬರಾಯಿಯನ್ನು ಕುದುರಿಸಿಕೊಂಡ ಮೇಲೆ 1792ರಲ್ಲಿ ಅವನ ಕಾರ್ಯವು ಕೈಗೂಡಿತು. 1799ರಲ್ಲಿ, 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯೂ ಇವರನ್ನೇ ನೆಚ್ಚಿದನು. ಮೊಗಲರಿಗೆ ಬೇಕಾಗಿದ್ದ ಎತ್ತುಗಳು ಇಂಗ್ಲಿಷರಿಗೂ ಬೇಕಾದವು.

ಆ ಬಳಿಕ ಕಾಲ ಬದಲಾಯಿತು. ಯುದ್ಧಗಳು ನಿಂತವು. ಸಡಕುಗಳಾಗಿ ಬಂಡಿಗಳು ಬಂದವು. ಉಪ್ಪಿನ ಮೇಲೆ ಸರಕಾರದ ಹತೋಟಿ ಬಿಗಿಯಾಯಿತು. ಅಡವಿಗಳಿಗೆ ಕಾಯ್ದೆಯ ಬೇಲಿ ಬಿದ್ದು ಮೇವಿನ ನೆಲೆಗಳು ಕೈತಪ್ಪಿದವು. 1876-78ರ ಮಹಾಕ್ಷಾಮವು ವಿಜಾಪುರ ಸೀಮೆಯನ್ನು ಬರಿದುಮಾಡಿತು. 1884ರಲ್ಲಿ ಹೊಟಗಿಯಿಂದ ಗದಗದವರೆಗೆ ವಿಜಾಪುರ, ಬಾಗಲಕೋಟೆ, ಬಾದಾಮಿಗಳನ್ನು ಹಾದು ರೈಲು ಓಡತೊಡಗಿತು. ತಾಂಡೆಯು ತಿಂಗಳುಗಟ್ಟಲೆ ನಡೆದು ಮುಗಿಸುತ್ತಿದ್ದ ಹಾದಿಯನ್ನು ಗಾಡಿಯು ಒಂದೇ ದಿನದಲ್ಲಿ ಮುಗಿಸಿತು. ಯಾವ ಯುದ್ಧವೂ ಮಾಡದ ಹಾನಿಯನ್ನು ಉಗಿಬಂಡಿಯು ಸದ್ದಿಲ್ಲದೆ ಮಾಡಿತೆನ್ನಬಹುದು.

ಉದ್ಯೋಗ ಹೋದುದು ಒಂದು ನಷ್ಟ, ಹೆಸರು ಕೆಟ್ಟುದು ಅದಕ್ಕಿಂತ ದೊಡ್ಡ ನಷ್ಟ. 1871ರಲ್ಲಿ ಇಂಗ್ಲಿಷ್ ಸರಕಾರವು 'ಅಪರಾಧಿ ಬುಡಕಟ್ಟುಗಳ ಕಾಯ್ದೆ'ಯನ್ನು ತಂದಿತು. 1911ರ ಕಾಯ್ದೆಯಿಂದ ಅದರ ವ್ಯಾಪ್ತಿಯು ದಕ್ಷಿಣದ ಪ್ರಾಂತಗಳಿಗೂ ಹಬ್ಬಿತು. ಒಬ್ಬನು ಮಾಡಿದ ಅಪರಾಧಕ್ಕಲ್ಲ, ಹುಟ್ಟಿದ ಕುಲಕ್ಕೇ ಕಳಂಕ ಹಚ್ಚುವ ಕಾಯ್ದೆಯದು. ದೇಶದ ಹಲವೆಡೆ ಬಂಜಾರರ ಅನೇಕ ಗುಂಪುಗಳು ಈ ಪಟ್ಟಿಗೆ ಸೇರಿದವು. ಮೊಗಲ ಸೈನ್ಯಕ್ಕೆ ಹುಲ್ಲಿನ ಛಪ್ಪರ ಕಟ್ಟಿಕೊಡುತ್ತ ಬಂದವರೆಂದು ಹೇಳಲಾಗುವ ವಿಜಾಪುರ ಸೀಮೆಯ ಛಪ್ಪರಬಂದ ಜನರಿಗೂ ಇದೇ ಗತಿಯಾಯಿತು. ಒಂದು ಕಾಲಕ್ಕೆ ಸೈನ್ಯವು ಯಾರನ್ನು ಕಾದು ಕುಳಿತಿತ್ತೋ ಅವರನ್ನು ಈಗ ಪೋಲೀಸರು ಕಾಯತೊಡಗಿದರು. ಜನ ಬದಲಾಗಿರಲಿಲ್ಲ. ಅವರಿಂದ ಆಗುತ್ತಿದ್ದ ಪ್ರಯೋಜನವು ತೀರಿಹೋಗಿತ್ತು, ಅಷ್ಟೆ. ವರ್ತಕನಾಗಿದ್ದ ಬಂಜಾರನು ಆಳುವವರ ಕಣ್ಣಿನಲ್ಲಿ ಬರಿಯ ವನಚರನಾದನು.

ಸ್ವತಂತ್ರ ಭಾರತವು 1952ರ ಆಗಸ್ಟ್ 31ರಂದು ಆ ಕಾಯ್ದೆಯನ್ನು ರದ್ದುಪಡಿಸಿತು. ವಿಜಾಪುರವೂ ಸೇರಿದ ಮುಂಬಯಿ ಕರ್ನಾಟಕದ ಲಮಾಣಿಗರಿಗೆ, ಹಳೆಯ ಮೈಸೂರಿನ ತಮ್ಮ ಬಂಧುಗಳಿಗಿದ್ದಂತೆ ಪರಿಶಿಷ್ಟ ಜಾತಿಯ ಸೌಲಭ್ಯ ದೊರೆತುದು 1976ರ ತಿದ್ದುಪಡಿಯು 1977ರಲ್ಲಿ ಜಾರಿಗೆ ಬಂದ ಮೇಲೆ. 2009ರಲ್ಲಿ ರಾಜ್ಯಸರಕಾರವು ತಾಂಡಾ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. 2023ರ ಜನವರಿಯಲ್ಲಿ ವಿಜಾಪುರ, ಕಲಬುರಗಿ ಮೊದಲಾದ ಜಿಲ್ಲೆಗಳ ತಾಂಡೆಗಳ 50,000ಕ್ಕೂ ಮೇಲ್ಪಟ್ಟ ಕುಟುಂಬಗಳಿಗೆ ಮನೆಯ ಜಾಗದ ಹಕ್ಕುಪತ್ರಗಳನ್ನು ವಿತರಿಸಲಾಯಿತು. ತಲೆಮಾರುಗಳಿಂದ ವಾಸವಾಗಿದ್ದ ನೆಲವು ತಮ್ಮದೆಂಬ ಒಂದು ಕಾಗದಕ್ಕಾಗಿ ಅವರು ಅಷ್ಟು ಕಾಲ ಕಾಯಬೇಕಾಯಿತು. ಅತ್ತ ರೋಮಾ ಜನರು 1971ರ ಏಪ್ರಿಲ್ 8ರಂದು ಲಂಡನ್ನಿನ ಹತ್ತಿರ ತಮ್ಮ ಮೊದಲ ಜಾಗತಿಕ ಸಮ್ಮೇಳನವನ್ನು ನೆರೆಸಿದರು. ನೀಲಿ ಹಸಿರುಗಳ ನಡುವೆ ಕೆಂಪು ಚಕ್ರವಿರುವ ಅವರ ಧ್ವಜದಲ್ಲಿ ಭಾರತದ ನೆನಪೂ ಸೇರಿಕೊಂಡಿದೆ.

ಹಾಜರಿ ಪುಸ್ತಕದ ಹೆಸರು

ಈ ಇತಿಹಾಸದಿಂದ ವಿದ್ಯಾಸಂಸ್ಥೆಗಳು ಕಲಿಯಬೇಕಾದುದೇನು? ಅಲೆಯುವ ಜನರ ಹೆಸರು ಬಹುಕಾಲ ಬೇರೆಯವರ ಪುಸ್ತಕಗಳಲ್ಲಿ ಬೇರೆಯವರ ಲೆಕ್ಕಕ್ಕಾಗಿ ಬರೆಯಲ್ಪಟ್ಟಿತು. ಬಾದಶಹನ ದಂಡಿಗೆ ಅವರು ಇಷ್ಟು ಸಾವಿರ ಎತ್ತು. ಸುಲ್ತಾನನ ಖಜಾನೆಗೆ ಇಷ್ಟು ಅಕ್ಚೆ. ದಾನಪತ್ರದಲ್ಲಿ ಇಷ್ಟು ಕುಟುಂಬ. ಪೋಲೀಸ್ ದಫ್ತರದಲ್ಲಿ ಒಂದು ಅಂಕೆ. ಅವರ ಮಗುವಿನ ಹೆಸರನ್ನು ಆ ಮಗುವಿನ ಏಳಿಗೆಗಾಗಿಯೇ ಬರೆದುಕೊಳ್ಳುವ ಮೊದಲ ಪುಸ್ತಕಗಳಲ್ಲಿ ಶಾಲೆಯ ಹಾಜರಿ ಪುಸ್ತಕವೂ ಒಂದು.

ಆದ್ದರಿಂದಲೇ ಆ ಪುಸ್ತಕದಲ್ಲಿ ಹೊಡೆದುಹಾಕುವ ಒಂದು ಗೆರೆಗೆ ಬಹಳ ತೂಕವಿದೆ. ಸುಗ್ಗಿ ಮುಗಿಯುತ್ತಲೂ, ಇಲ್ಲವೆ ಮಳೆ ಕೈಕೊಡುತ್ತಲೂ ಈ ಭಾಗದ ತಾಂಡೆಗಳಿಂದ ಅನೇಕ ಕುಟುಂಬಗಳು ಕಬ್ಬು ಕಡಿಯಲು, ರಸ್ತೆ ಕಟ್ಟಡಗಳ ಕೆಲಸ ಮಾಡಲು ಗೋವೆ, ಮಹಾರಾಷ್ಟ್ರ, ಮಂಗಳೂರುಗಳ ಕಡೆಗೆ ಗುಳೆ ಹೋಗುತ್ತವೆ. ತಂದೆತಾಯಿಗಳ ಬೆನ್ನುಹತ್ತಿ ಮಕ್ಕಳೂ ಹೋಗುತ್ತವೆ. ಎತ್ತು ಹೋಯಿತು, ಹೇರು ಹೋಯಿತು, ಅಲೆದಾಟ ಮಾತ್ರ ಉಳಿಯಿತು. ಅಂದಿನ ಅಲೆದಾಟದಲ್ಲಿ ಅವರು ಒಡೆಯರಾಗಿದ್ದರು, ಇಂದಿನದರಲ್ಲಿ ಕೂಲಿಗಳಾಗಿದ್ದಾರೆ. ಮೂರು ನಾಲ್ಕು ತಿಂಗಳು ಬಾರದ ಮಗುವನ್ನು 'ಇವರ ಕುಲವೇ ಹೀಗೆ, ಒಂದೆಡೆ ನಿಲ್ಲುವವರಲ್ಲ' ಎಂದು ಕೈಬಿಡುವುದು ಸುಲಭ. ಆದರೆ ಆ ಮಾತಿನಲ್ಲಿ 1871ರ ಕಾಯ್ದೆಯ ದನಿಯಿದೆ. ದಾಖಲಾದ ಮಗುವನ್ನು ಪ್ರಾಥಮಿಕ ಶಿಕ್ಷಣ ಮುಗಿಯುವ ತನಕ ಶಾಲೆಯಿಂದ ಹೊರಹಾಕಕೂಡದೆಂದು 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯ್ದೆಯು ವಿಧಿಸಿದೆ. ಕಾಯ್ದೆಯು ಹೇಳುವ ಮೊದಲೇ ಶರಣಧರ್ಮವು ಕುಲವನ್ನು ಕೇಳದೆ ಒಳಗೆ ಕರೆದುಕೊಳ್ಳುವ ಪಾಠವನ್ನು ಈ ನಾಡಿಗೆ ಕಲಿಸಿತ್ತು.

ಮಠದ ಆಶ್ರಯದ ಪ್ರಸಾದನಿಲಯಗಳ ಬೆಲೆ ತಿಳಿಯುವುದು ಇಲ್ಲಿಯೇ. ಗುಳೆ ಹೋಗುವ ಮನೆಯ ಮಗುವಿಗೆ ಊರಲ್ಲಿ ಉಳಿಯಲು ಒಂದು ಚಾಪೆ, ಎರಡು ಹೊತ್ತಿನ ಪ್ರಸಾದ, ಸಂಜೆಗೆ ಒಂದು ದೀಪ ದೊರೆತರೆ ಅದರ ಓದು ತುಂಡಾಗುವುದಿಲ್ಲ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದು, ಹಣವನ್ನು ಬೇಡದೆ ಜನರ ದುಶ್ಚಟಗಳನ್ನು ಬೇಡಿದರು. ಮಠವು ತಾನೇ ಮನೆಬಾಗಿಲಿಗೆ ಹೋಗುವ ಈ ಪದ್ಧತಿಯು ಶಾಲೆಗಳಿಗೂ ಮೇಲ್ಪಂಕ್ತಿಯಾಗಬಲ್ಲದು. ಗುಳೆಯ ದಿನಗಳು ಬರುವ ಮುನ್ನ ಶಿಕ್ಷಕರು ತಾಂಡೆಗೆ ಹೋಗಿ ಮಕ್ಕಳನ್ನೇ ಬೇಡಿ ತರಬಹುದು. ದಾಸೋಹಕ್ಕೆ ಕಾಳು ಕಡಿ ಕೊಡುವ ದಾನಿಗಳು ಅಂಥ ಮಕ್ಕಳ ಆರು ತಿಂಗಳ ಅನ್ನದ ಭಾರವನ್ನು ಹೊರಬಹುದು. ಶತಮಾನಗಳ ಕಾಲ ಈ ಸೀಮೆಯ ಅನ್ನವನ್ನು ಬೆನ್ನೆತ್ತುಗಳ ಮೇಲೆ ಹೊತ್ತುತಂದವರ ಮಕ್ಕಳಿಗೆ ಇದು ಭಿಕ್ಷೆಯಲ್ಲ, ಋಣಸಂದಾಯ.

ಶಿಕ್ಷಕರಿಂದ ಆಗಬೇಕಾದ ಇನ್ನೊಂದು ಕೆಲಸವಿದೆ, ಅದಕ್ಕೆ ಖರ್ಚಿಲ್ಲ. ವಿಜಾಪುರದ ಮುತ್ತಿಗೆಯ ಪಾಠ ಹೇಳುವಾಗ ಕೋಟೆ, ತೋಪು, ಸುಲ್ತಾನರ ಹೆಸರುಗಳ ಜೊತೆಗೆ ಹೇರೆತ್ತಿನ ಮಾತನ್ನೂ ಹೇಳಬೇಕು. ಹಿಂದಿನ ಸಾಲಿನಲ್ಲಿ ಕುಳಿತ ರಾಠೋಡ ಅಥವಾ ಪವಾರ ಹೆಸರಿನ ಮಗುವು ತನ್ನ ಹಿರಿಯರೂ ಈ ಪುಸ್ತಕದಲ್ಲಿದ್ದಾರೆಂದು ಆಗ ತಲೆಯೆತ್ತಿ ನೋಡುವುದು.